ಅರಸೀಕೆರೆಯಿಂದ ಅಮೆರಿಕಕ್ಕೆ ಹೋದ ಕೆಲಸ

ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಗೋಡೆಗೊಂದು ಟೀವಿ ನೇತುಹಾಕಿದ್ದಾರೆ. ಅದನ್ನು ಯಾರೂ ನೋಡುವುದಿಲ್ಲ, ಯಾರೂ ಆರಿಸುವುದೂ ಇಲ್ಲ. ಹೋದ ತಿಂಗಳು ಒಂದು ಭಾನುವಾರ ಪೇಟೆಯ ಕೆಲಸ ಮುಗಿಸಿಕೊಂಡು ಬಂದು ಖಾಲಿ ದೋಸೆಗೆ ಹೇಳಿ ಕೂತಿದ್ದೆ. ಟೀವಿಯಲ್ಲಿ ಅಮೆರಿಕದ ರಾಜಕಾರಣಿಯೊಬ್ಬರು ಮೇಜು ಗುದ್ದಿ ಮಾತಾಡುತ್ತಿದ್ದರು. ನಮ್ಮ ಮಕ್ಕಳಿಗೆ ಲೆಕ್ಕ ಬರುವುದಿಲ್ಲ, ನಮ್ಮ ಕೆಲಸಗಳೆಲ್ಲ ಹೊರದೇಶದ ಪಾಲಾದವು ಎಂದು ಕೆಳಗೆ ಕನ್ನಡದ ಸಾಲು ಓಡುತ್ತಿತ್ತು. ಪಕ್ಕದ ಟೇಬಲ್ಲಿನಲ್ಲಿ ಕೊಬ್ಬರಿ ಮಂಡಿಯವರಿಬ್ಬರು ಕಾಫಿ ಕುಡಿಯುತ್ತಿದ್ದರು.

"ನೋಡ್ರೀ, ಅವರ ಕೆಲಸಾನ ನಾವು ಕಿತ್ಕೊಂಡ್ವಂತೆ," ಅಂದರು ಒಬ್ಬರು.

"ಕಿತ್ಕೊಂಡಿದ್ರೆ ಎಲ್ಲಿಟ್ಟಿದೀವಿ ಅಂತ ಕೇಳಿ, ನಮ್ಮನೇಲಂತೂ ಇಲ್ಲ," ಅಂತ ಇನ್ನೊಬ್ಬರು ನಕ್ಕರು.

ನನಗೆ ಎದ್ದು ಹೇಳಬೇಕೆನಿಸಿತು. ಸ್ವಾಮೀ, ಒಂದು ಕೆಲಸ ಈ ಊರಿನಿಂದ ಆ ದೇಶಕ್ಕೆ ವಾಪಸ್ ಹೋಗಿದೆ, ಕಳಿಸಿಕೊಟ್ಟವರು ಯಾರೆಂದೂ ನನಗೆ ಗೊತ್ತು, ಅಂತ. ಹೇಳಲಿಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ಗುಡುಗುವ ನಾನು ಹೋಟೆಲಿನಲ್ಲಿ ನೀರು ಬೇಕೆಂದು ಕೇಳಲೂ ಹಿಂಜರಿಯುವವಳು. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವು ಹೇಗೂ ಓದುತ್ತಾ ಕೂತಿದ್ದೀರಿ.

ಆಗ ನಾನು ಬಿ.ಎಡ್. ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದು, ಕೆಲಸ ಸಿಗದೆ ಮನೆಯಲ್ಲಿದ್ದೆ. ಬೆಂಗಳೂರಿನ ಒಂದು ಕಂಪನಿಯವರು ರೈಲ್ವೆ ಸ್ಟೇಷನ್ ಹತ್ತಿರ ಒಂದು ಕಟ್ಟಡದ ಮಹಡಿ ಹಿಡಿದು, ಅಮೆರಿಕದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಲೆಕ್ಕದ ಪಾಠ ಹೇಳಿಕೊಡುವ ಕೇಂದ್ರ ತೆರೆದರು. ಕೆಳಗೆ ಕೊಬ್ಬರಿ ಗೋದಾಮು, ಮೇಲೆ ನಾವು. ನಮಗೆ ಬೆಳಗಿನ ಜಾವವಾದರೆ ಅಲ್ಲಿ ಹಿಂದಿನ ದಿನದ ಸಂಜೆ. ಮಕ್ಕಳು ಶಾಲೆ ಮುಗಿಸಿ ಮನೆಯಲ್ಲಿ ಕೂತಿರುವ ಹೊತ್ತು. ಹಾಗಾಗಿ ಊರಿನಲ್ಲಿ ಹಾಲಿನವನು ಸೈಕಲ್ ಹತ್ತುವ ಮೊದಲೇ ನಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ಗುಡ್ ಈವನಿಂಗ್" ಅನ್ನುತ್ತಿದ್ದೆವು. ಈ ಸುಳ್ಳು ಮೊದಮೊದಲು ನಾಲಿಗೆಗೆ ಒಗ್ಗಲಿಲ್ಲ. ಆಮೇಲೆ ಎಷ್ಟು ಒಗ್ಗಿತೆಂದರೆ, ಒಂದು ದಿನ ಬೆಳಿಗ್ಗೆ ಬಾಗಿಲಿಗೆ ಬಂದ ಮಾವನವರ ಸ್ನೇಹಿತರಿಗೂ ಗುಡ್ ಈವನಿಂಗ್ ಅಂದುಬಿಟ್ಟೆ. ಅವರು ಗಡಿಯಾರ ನೋಡಿಕೊಂಡರು.

ನನ್ನ ಪಕ್ಕದ ಕುರ್ಚಿ ಸರ್ವಮಂಗಳ ಮೇಡಂದು. ಹಳೇಬೀಡಿನವರು, ಬಾಣಾವರದ ಕಡೆ ಹೈಸ್ಕೂಲಿನಲ್ಲಿ ಬಹಳ ವರ್ಷ ಗಣಿತ ಹೇಳಿ ನಿವೃತ್ತರಾಗಿ, ಆಗ ಅರಸೀಕೆರೆಯಲ್ಲಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಪ್ಪು ಬ್ಯಾಗು, ಚಳಿಗಾಲದಲ್ಲಿ ತಲೆಗೆ ಸುತ್ತಿದ ಮಫ್ಲರು. ತರಬೇತಿಗೆ ಬೆಂಗಳೂರಿನಿಂದ ಬಂದಿದ್ದ ಹುಡುಗ ನಮ್ಮ ಹೆಸರುಗಳನ್ನೆಲ್ಲ ಅಮೆರಿಕದವರ ನಾಲಿಗೆಗೆ ತಕ್ಕಂತೆ ಕತ್ತರಿಸಿದ. ನನ್ನ ಹೆಸರಿನಲ್ಲಿ ಕೊನೆಗೆ ಒಂದೂವರೆ ಅಕ್ಷರ ಉಳಿಯಿತು, ನಾನು ತಲೆಯಾಡಿಸಿದೆ. ಮೇಡಂ ಮಾತ್ರ, "ನಮ್ಮಪ್ಪ ಇಟ್ಟ ಹೆಸರಪ್ಪ. ಮಕ್ಕಳು ಕಲೀಲಿ, ಅದೂ ಪಾಠಾನೇ," ಅಂದರು. ಮಕ್ಕಳು ಕಲಿಯಲಿಲ್ಲ. ಕೆಲಿ ಎಂಬ ಹುಡುಗಿ ಅವರನ್ನು ಮೊದಲ ದಿನವೇ "ಮಿಸ್ ಮ್ಯಾಂಗೋ" ಮಾಡಿದಳು. ಮೇಡಂಗೆ ಅದರಿಂದ ಆದ ಸಂತೋಷ ಹೇಳತೀರದು. ವಾರಗಟ್ಟಲೆ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು.

ಅಮೆರಿಕದಲ್ಲಿ ಆಗ ಶಾಲೆಯ ಲೆಕ್ಕದ ಬಗ್ಗೆ ದೊಡ್ಡ ಗಲಾಟೆ. ಮಕ್ಕಳು ಯಾವ ತರಗತಿಯಲ್ಲಿ ಏನು ಕಲಿತಿರಬೇಕು ಎಂದು ಹೊಸ ಮಟ್ಟ ಗೊತ್ತುಮಾಡಿದ್ದರು. ಬರೀ ಉತ್ತರ ಬರೆದರೆ ಸಾಲದು, ಆ ಉತ್ತರ ಯಾಕೆ ಬಂತು ಎಂದು ಚಿತ್ರ ಬರೆದು, ಮಾತಿನಲ್ಲಿ ವಿವರಿಸಬೇಕು. ಮಕ್ಕಳ ಮನೆಲೆಕ್ಕ ಅಪ್ಪ ಅಮ್ಮಂದಿರಿಗೇ ಅರ್ಥವಾಗದಂತಾಯಿತು. ಅವರು ಸಿಟ್ಟಾದರು. ಒಂದು ಪಕ್ಷದವರು ಇದನ್ನು ಕಿತ್ತೆಸೆಯುತ್ತೇವೆ ಎಂದರು, ಇನ್ನೊಂದು ಪಕ್ಷದವರು ಇದಿಲ್ಲದೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ, ಕೆಲಸಗಳೆಲ್ಲ ಹೊರದೇಶಕ್ಕೆ ಹೋಗುತ್ತವೆ ಎಂದರು. ಈ ಜಗಳದ ನಡುವೆ ಎಷ್ಟೋ ಶಾಲೆಗಳು ಮಕ್ಕಳಿಗೆ ಸಹಾಯವಾಗಲೆಂದು ನಮ್ಮಂಥವರನ್ನು ಹಿಡಿದವು. ಕೆಲಸ ಹೊರದೇಶಕ್ಕೆ ಹೋಗದಂತೆ ಮಕ್ಕಳನ್ನು ತಯಾರು ಮಾಡುವ ಕೆಲಸವೇ ಹೊರದೇಶಕ್ಕೆ ಬಂದಿತ್ತು! ಇದರಲ್ಲಿ ಏನೋ ತಮಾಷೆ ಇದೆ ಎಂದು ನನಗೂ ಅನಿಸುತ್ತಿತ್ತು. ಆದರೆ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು, ಸುಮ್ಮನಿದ್ದೆ.

ನಮಗೆ ಒಂದು ಕಟ್ಟುನಿಟ್ಟು ಇತ್ತು. ಮಕ್ಕಳ ತಂದೆತಾಯಿಯ ಜೊತೆ ಮಾತಾಡಕೂಡದು. ರಾಜಕೀಯವಂತೂ ಬೇಡವೇ ಬೇಡ.

ಒಂದು ದಿನ ಪಕ್ಕದಲ್ಲಿ ಮೇಡಂ ಕೆಲಿಗೆ ಪಾಠ ಹೇಳುತ್ತಿದ್ದರು; ಅವರ ಹೆಡ್‌ಫೋನಿನ ದನಿ ಯಾವಾಗಲೂ ನನಗೂ ಕೇಳುವಷ್ಟು ಜೋರು. ಮುಕ್ಕಾಲನ್ನು ಅರೆಕಾಲಿನಿಂದ, ಅಂದರೆ ಎಂಟನೇ ಒಂದು ಭಾಗದಿಂದ, ಭಾಗಿಸಬೇಕು. ಉತ್ತರ ಆರು. ಭಾಗಿಸಿದರೆ ಚಿಕ್ಕದಾಗಬೇಕಾದ್ದು ದೊಡ್ಡದಾದದ್ದು ಯಾಕೆ, ವಿವರಿಸು ಎಂದಿತ್ತು ಪ್ರಶ್ನೆ. ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಹಿಂದಿನಿಂದ ಗಂಡಸಿನ ದನಿ ಬಂತು. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ತಿರುಗಿಸಿ ಗುಣಿಸು ಅಂತ ಹೇಳ್ಕೊಟ್ಟೆನಲ್ಲ! ಉತ್ತರ ಸರಿಯಾಗಿದೆ. ಇನ್ನೇನು ಬೇಕಂತೆ ಇವರಿಗೆ?" ಅಂದ. ಆಮೇಲೆ ಪರದೆಯ ತುಂಬ ಒಂದು ಕೆಂಪು ಗಡ್ಡದ ಮುಖ. "ನೀವು ಎಲ್ಲಿಂದ ಮಾತಾಡ್ತಿದೀರಿ?"

ನಾನು ಹೆಡ್‌ಫೋನ್ ಅರ್ಧ ಸರಿಸಿ ನೋಡಿದೆ. ನಮ್ಮ ದೇಶದ ಹೆಸರು ಹೇಳಬಹುದಿತ್ತು, ಊರಿನದು ಬೇಡವೆಂದಿದ್ದರು. ಮೇಡಂ ನೇರವಾಗಿ, "ಇಂಡಿಯಾ. ಅರಸೀಕೆರೆ. ರೈಲ್ವೆ ಜಂಕ್ಷನ್," ಅಂದರು. ಅವರ ಮಾತಿಗೆ ಸಾಕ್ಷಿ ಹೇಳುವಂತೆ ಹೊರಗೆ ಒಂದು ಗಾಡಿ ಕೂಗಿತು.

ಕೆಲಿಯ ಅಪ್ಪನ ಹೆಸರು ಡೇನಿಯಲ್. ಅವನು ಅವತ್ತು ಆಡಿದ್ದೆಲ್ಲ ನಾನು ಬರೆಯುವುದಿಲ್ಲ. ಸಾರಾಂಶವೆಂದರೆ, ಅವನು ದುಡಿಯುತ್ತಿದ್ದ ಕಾರ್ಖಾನೆಯನ್ನು ಮುಚ್ಚಿ ಕೆಲಸವನ್ನು ಹೊರದೇಶಕ್ಕೆ ಸಾಗಿಸಿದ್ದರು. ಊರಿನ ಅರ್ಧ ಜನ ಖಾಲಿ ಕೂತಿದ್ದರು. ಈಗ ಮಗಳಿಗೆ ಪಾಠ ಹೇಳುವ ಕೆಲಸವೂ ಹೋಗಿದೆ. "ನಮ್ಮ ಬೀದಿಯಲ್ಲೇ ಕೆಲಸ ಕಳೆದುಕೊಂಡ ಟೀಚರು ಒಬ್ಬರಿದ್ದಾರೆ. ನಿಮಗೆ ಹೇಗನಿಸುತ್ತೆ?" ಎಂದು ಕೇಳಿದ.

ನಾನಾಗಿದ್ದರೆ ಸಂಪರ್ಕ ಕಡಿದುಕೊಂಡು ಸೂಪರ್‌ವೈಸರನ್ನು ಕರೆಯುತ್ತಿದ್ದೆ; ನಮಗೆ ಕಲಿಸಿದ್ದೂ ಅದನ್ನೇ. ಮೇಡಂ, "ಬೇಜಾರಾಗುತ್ತೆ," ಅಂದರು. ಆಮೇಲೆ ಕೇಳಿದರು: "ಕಾರ್ಖಾನೇಲಿ ನೀವು ಏನು ಮಾಡ್ತಿದ್ರಿ?"

ಅವನಿಗೆ ಆ ಪ್ರಶ್ನೆಯ ನಿರೀಕ್ಷೆ ಇರಲಿಲ್ಲ. ಲೇತ್ ಮೇಲೆ ಮರ ಕಡೆದು ಕುರ್ಚಿ, ಮೇಜುಗಳ ಕಾಲು ಮಾಡುತ್ತಿದ್ದೆ ಎಂದ. ಅಪ್ಪನಿಂದ ಕಲಿತ ಕೆಲಸ ಎಂದ. ದನಿ ಒಂದಿಷ್ಟು ಇಳಿಯಿತು.

"ಹಾಗಾದ್ರೆ ನಿಮ್ಮ ಹತ್ರ ಇಂಚುಪಟ್ಟಿ ಇರಬೇಕಲ್ಲ? ನಮ್ಮದೆಲ್ಲ ಸೆಂಟಿಮೀಟರು ನೋಡಿ. ಇಂಚನ್ನ ಎಂಟಾಗಿ ಒಡೆಯೋದು ನನಗೆ ಅಷ್ಟು ತಿಳಿಯೋದಿಲ್ಲ. ಸ್ವಲ್ಪ ತೋರಿಸಿ."

ಅವನು ಒಳಗೆ ಹೋಗಿ ಒಂದು ಉಕ್ಕಿನ ಪಟ್ಟಿ ತಂದ. ಮುಕ್ಕಾಲು ಇಂಚಿನ ಮೇಲೆ ಬೆರಳಿಟ್ಟು, ಅಲ್ಲಿಯವರೆಗೆ ಎಂಟನೆಯ ಗೀಟುಗಳನ್ನು ಎಣಿಸು ಎಂದು ಮಗಳಿಗೆ ಹೇಳಿದ. ಕೆಲಿ ಎಣಿಸಿದಳು. ಮೊದಲು ಐದು ಅಂದಳು. ಅವನೂ ಐದು ಅಂದ. ಆಮೇಲೆ ಇಬ್ಬರೂ ತಲೆ ತಲೆ ತಾಗಿಸಿಕೊಂಡು ಮತ್ತೆ ಎಣಿಸಿ ಆರು ಅಂದರು. ಮುಕ್ಕಾಲಿನಲ್ಲಿ ಎಂಟನೆಯ ಚೂರುಗಳು ಎಷ್ಟಿವೆ ಎಂಬುದೇ ಆ ಪ್ರಶ್ನೆ ಎಂದು ಹುಡುಗಿಗೆ ಹೊಳೆಯಿತು. ಚೂರು ಚಿಕ್ಕದಾದಷ್ಟೂ ಲೆಕ್ಕಕ್ಕೆ ಜಾಸ್ತಿ ಸಿಗುತ್ತವೆ. ಡೇನಿಯಲ್ ಪಟ್ಟಿಯನ್ನೇ ನೋಡುತ್ತಾ, "ಇಷ್ಟು ವರ್ಷ ತಿರುಗಿಸಿ ಗುಣಿಸ್ತಿದ್ದೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ," ಅಂದ. ನಿಜ ಹೇಳಬೇಕೆಂದರೆ ನನಗೂ ಯಾರೂ ಹೇಳಿರಲಿಲ್ಲ. ನಾನೂ ಅದನ್ನು ಯಾರಿಗೂ ಹೇಳಿರಲಿಲ್ಲ.

ಪಾಠ ಮುಗಿದ ಮೇಲೆ ನಾನು ಕೇಳಿದೆ. "ಮೇಡಂ, ನಮ್ಮ ಸ್ಕೇಲುಗಳಲ್ಲೂ ಒಂದು ಕಡೆ ಇಂಚು ಇರುತ್ತಲ್ಲ. ನಿಮಗೆ ತಿಳಿಯದೆ ಏನು?"

"ಕಾಫಿ ಆರಿಹೋಗುತ್ತೆ, ಕುಡಿ," ಅಂದರು.

ಅಲ್ಲಿಂದಾಚೆ ಕೆಲಿಯ ಪಾಠಕ್ಕೆ ಅಪ್ಪನೂ ಕುರ್ಚಿ ಎಳೆದುಕೊಂಡು ಕೂತ. ನಮ್ಮ ಸೂಪರ್‌ವೈಸರು ಕಂಡೂ ಕಾಣದಂತಿದ್ದರು. ಕೆಲವು ದಿನ ಅವನೇ ಪಾಠ ಮಾಡುತ್ತಿದ್ದ, ಮೇಡಂ ಇತ್ತಕಡೆಯಿಂದ ಒಂದೊಂದು ಪ್ರಶ್ನೆ ಎಸೆದು ಸುಮ್ಮನಾಗುತ್ತಿದ್ದರು. ಒಮ್ಮೆ ಮಾತಿಗೆ ಮಾತು ಬಂದು, ನಮ್ಮೂರ ದೇವಸ್ಥಾನದಲ್ಲಿ ಕಲ್ಲನ್ನೇ ಲೇತಿನ ಮೇಲೆ ಕಡೆದಂಥ ಕಂಬಗಳಿವೆ ಎಂದರು. ಡೇನಿಯಲ್ ನಂಬಲಿಲ್ಲ. ಕಲ್ಲನ್ನಾ? ಕರೆಂಟಿಲ್ಲದ ಕಾಲದಲ್ಲಾ? ಮೇಡಂಗೆ ಅದು ಮನಸ್ಸಿಗೆ ನಾಟಿತು. ಮುಂದಿನ ಭಾನುವಾರ ನನ್ನನ್ನೂ ಎಬ್ಬಿಸಿಕೊಂಡು ಜಾವಗಲ್ ಮೇಲೆ ಹೋಗುವ ಹಳೇಬೀಡಿನ ಬಸ್ಸು ಹತ್ತಿದರು. ಫೋಟೊ ತೆಗೆಯುವುದಕ್ಕೆ ಒಳ್ಳೆಯ ಫೋನು ನನ್ನ ಹತ್ತಿರ ಇತ್ತು; ನನ್ನ ಮಹತ್ವ ಅಷ್ಟೇ.

ಹಳೇಬೀಡಿನ ಬಳಪದ ಕಲ್ಲಿನ ಕಂಬಗಳನ್ನು ನೀವು ನೋಡಿರುತ್ತೀರಿ. ಬಳೆ ತೊಡಿಸಿದಂತೆ ಒಂದರ ಮೇಲೊಂದು ಸುತ್ತು, ಗಂಟೆಯಂತೆ ಅರಳಿ ಮತ್ತೆ ಸಣ್ಣಗಾಗುವ ನಡು. ಬಸದಿಯಲ್ಲಂತೂ ಕನ್ನಡಿಯಂತೆ ಹೊಳೆಯುವ ಕಂಬಕ್ಕೆ ಮುಖ ಕೊಟ್ಟು ನಿಂತರೆ ಹಣೆಯ ಕುಂಕುಮ ಸರಿಮಾಡಿಕೊಳ್ಳಬಹುದು. ನಾನು ಆ ಊರಿಗೆ ಎಷ್ಟೋ ಸಲ ಹೋಗಿದ್ದೆ. ಗೋಡೆಯ ಮೇಲಿನ ವಿಗ್ರಹಗಳನ್ನು ನೋಡಿ ಬಂದಿದ್ದೆನೇ ಹೊರತು ಕಂಬಗಳನ್ನು ನಿಂತು ನೋಡಿರಲಿಲ್ಲ. ಅವತ್ತು ಮೇಡಂ ಪ್ರತಿ ಕಂಬದ ಹತ್ತಿರವೂ ಬಗ್ಗಿಸಿ, ಕೂರಿಸಿ, "ಆ ಗೀಟು ಬರಲಿ, ಈ ಬಳೆ ಬರಲಿ," ಅಂತ ನನ್ನ ಸೊಂಟ ಮುರಿಯುವಷ್ಟು ಫೋಟೊ ತೆಗೆಸಿದರು. ಪ್ರವಾಸಿಗಳು ನಮ್ಮನ್ನು ಪುರಾತತ್ವ ಇಲಾಖೆಯವರೆಂದು ತಿಳಿದು ದಾರಿ ಬಿಟ್ಟರು.

ಆ ಫೋಟೊಗಳನ್ನು ಮೇಡಂ ಪರದೆಯ ಮೇಲೆ ಒಂದೊಂದಾಗಿ ತೋರಿಸಿದಾಗ ಡೇನಿಯಲ್ ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದ. ಹೆಂಡತಿಯನ್ನು ಕರೆದು ತೋರಿಸಿದ. ಕೊನೆಗೆ ಕೇಳಿದ: "ಇದನ್ನ ಮಾಡಿದವರ ಕೆಲಸ ಎಲ್ಲಿಗೆ ಹೋಯಿತು?"

ಮೇಡಂ ಹೇಳಿದರು. "ಗೊತ್ತಿಲ್ಲ ಸರ್. ಹೇಗೆ ತಿರುಗಿಸಿದರು ಅಂತ ಈಗಲೂ ವಾದ ಮಾಡ್ತಾರೆ. ನಮ್ಮೂರಲ್ಲಿ ಹೇಳಿಕೊಡೋರು ಯಾರೂ ಉಳಿದಿಲ್ಲ."

ಅವನು ತಲೆಯಾಡಿಸಿದ. ಕೆಲಸ ಕಳೆದುಕೊಂಡ ಊರುಗಳವರಾದ ಆ ಇಬ್ಬರ ನಡುವೆ ಏನೋ ಒಂದು ಒಪ್ಪಂದವಾದಂತೆ ಕಂಡಿತು. ನನಗೆ ಅವತ್ತು ಅದು ಪೂರ್ತಿ ತಿಳಿಯಲಿಲ್ಲ.

ಕೆಲವು ವಾರಗಳ ಮೇಲೆ ಅವನು ಒಂದು ವಿಷಯ ತಂದ. ಕೆಲಿಯ ಶಾಲೆಯಲ್ಲಿ ಊರವರ ಸಭೆ ಇದೆ. ಹೊಸ ಮಟ್ಟವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ, ಹೊರದೇಶದ ಪಾಠಕ್ಕೆ ಶಾಲೆ ಖರ್ಚು ಮಾಡಬೇಕೋ ಬೇಡವೋ, ಎರಡೂ ಅಲ್ಲಿ ತೀರ್ಮಾನವಾಗುತ್ತವೆ. ಎರಡು ಪಕ್ಷದವರೂ ಇವನನ್ನು ತಮ್ಮ ಕಡೆಗೆ ಮಾತಾಡು ಎಂದು ಕರೆಯುತ್ತಿದ್ದಾರೆ. ಅವನು ಮಗಳನ್ನು ಹೊರಗೆ ಕಳಿಸಿ ಮೆಲ್ಲಗೆ ಕೇಳಿದ. "ಮಿಸ್ ಮ್ಯಾಂಗೋ, ನಾನು ಹೊರದೇಶದ ಪಾಠ ನಿಲ್ಲಿಸಿ ಅಂದರೆ ನಿಮ್ಮ ಕೆಲಸ ಹೋಗುತ್ತೆ. ಮುಂದುವರಿಸಿ ಅಂದರೆ ನಮ್ಮ ಬೀದಿಯ ಟೀಚರ ಮುಖ ನೋಡೋಕೆ ಆಗಲ್ಲ. ಏನು ಹೇಳಲಿ?"

ನನ್ನ ಪರದೆಯಲ್ಲಿ ಒಂದು ಮಗು ಉತ್ತರ ಹೇಳಿ ಹೊಗಳಿಕೆಗೆ ಕಾಯುತ್ತಿತ್ತು, ನಾನು ಅದನ್ನು ಕಾಯಲು ಬಿಟ್ಟು ಪಕ್ಕಕ್ಕೆ ಕಿವಿ ಕೊಟ್ಟೆ.

ಮೇಡಂ ಮಫ್ಲರು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. "ಕೆಲಿಗೆ ಲೆಕ್ಕ ಯಾವತ್ತು ಅರ್ಥ ಆಯ್ತು ಸರ್? ನಾನು ಇಲ್ಲಿಂದ ಹೇಳಿದಾಗಲಾ, ನೀವು ಪಕ್ಕದಲ್ಲಿ ಕೂತಾಗಲಾ?"

"ನಾನು ಕೂತಾಗ. ಆದರೆ ಕೂರಿಸಿದವರು ನೀವು."

"ಕೂರಿಸೋರು ನಿಮ್ಮೂರಲ್ಲೂ ಇದ್ದಾರೆ. ಆ ಟೀಚರನ್ನ ಕರೆಸಿ. ಯಾಕೆ ಅನ್ನೋ ಆ ಪ್ರಶ್ನೆ ಒಳ್ಳೇದೇ, ಅದನ್ನ ತೆಗೀಬೇಡಿ ಅಂತಾನೂ ಹೇಳಿ. ನನ್ನ ಸಲುವಾಗಿ ಸುಳ್ಳು ಹೇಳಬೇಡಿ."

ಪಾಳಿ ಮುಗಿದು ಸ್ಟೇಷನ್ನಿನ ಕ್ಯಾಂಟೀನಿಗೆ ಹೋಗುವಾಗ ನಾನು ಅವರ ಮೇಲೆ ಹರಿಹಾಯ್ದೆ. "ಮೇಡಂ, ನಿಮಗೆ ಪಿಂಚಣಿ ಬರುತ್ತೆ. ನಮಗೆಲ್ಲ ಏನಿದೆ? ನೀವು ಧರ್ಮಾತ್ಮರಾಗೋಕೆ ನಮ್ಮ ಕೆಲಸ ಬೇಕಿತ್ತಾ?"

ಅವರು ನಿಂತರು. ನಾನು ಬೈಸಿಕೊಳ್ಳಲು ತಯಾರಾದೆ. "ನೀನು ಹೇಳ್ತಿರೋದು ಸರಿ ಕಣಮ್ಮ," ಅಂದರು. "ಅವನು ಕೇಳಿದಾಗ ನಿಮ್ಮೆಲ್ಲರ ಮುಖಾನೂ ಕಣ್ಮುಂದೆ ಬಂತು. ಆದರೂ ಬೇರೆ ಮಾತು ಬಾಯಿಗೆ ಬರಲಿಲ್ಲ. ನೋಡೋಣ, ನಿನ್ನ ಕೈ ಬಿಡಲ್ಲ." ಅವರು ಸಮರ್ಥನೆ ಮಾಡಿಕೊಂಡಿದ್ದರೆ ನನ್ನ ಸಿಟ್ಟು ಎಷ್ಟೋ ದಿನ ಬಾಳುತ್ತಿತ್ತು. ಸರಿ ಎಂದು ಒಪ್ಪಿಕೊಂಡವರ ಹತ್ತಿರ ಜಗಳ ಹೇಗೆ ಆಡುವುದು? ಕ್ಯಾಂಟೀನಿನವರೆಗೆ ಪಕ್ಕದಲ್ಲಿ ನಡೆದೆ.

ಸಭೆಯ ಸುದ್ದಿಯನ್ನು ಕೆಲಿಯೇ ಹೇಳಿದಳು. ಅವಳ ಅಪ್ಪ ಉಕ್ಕಿನ ಪಟ್ಟಿ ಹಿಡಿದುಕೊಂಡು ಎದ್ದು ನಿಂತನಂತೆ. ನನ್ನ ಮಗಳ ಲೆಕ್ಕ ನನಗೆ ಬರಲಿಲ್ಲವೆಂದು ನನಗೆ ಸಿಟ್ಟಿತ್ತು, ಅದು ಲೆಕ್ಕದ ತಪ್ಪಲ್ಲ, ಎಂದನಂತೆ. ಒಂದು ಕಡೆಯವರು ಚಪ್ಪಾಳೆ ಹೊಡೆದರು. ಮಕ್ಕಳ ಪಕ್ಕದಲ್ಲಿ ಕೂರುವವರು ಈ ಊರಿನವರೇ ಆಗಿರಲಿ, ಹಾಗೆಂದು ನನಗೆ ಹೇಳಿದವರು ಇಂಡಿಯಾದಲ್ಲಿರುವ ನನ್ನ ಮಗಳ ಟೀಚರು, ಎಂದಾಗ ಇನ್ನೊಂದು ಕಡೆಯವರು ಹೊಡೆದರು. ಕೊನೆಗೆ ಹೊಸ ಮಟ್ಟ ಉಳಿಯಿತು, ನಮ್ಮ ಪಾಠ ನಿಂತಿತು. ಸಂಜೆ ಹೊತ್ತು ಮಕ್ಕಳ ಜೊತೆ ಅಪ್ಪ ಅಮ್ಮಂದಿರನ್ನೂ ಕೂರಿಸಿ ಹೇಳಿಕೊಡುವುದಕ್ಕೆ ಅವರ ಬೀದಿಯ ಟೀಚರನ್ನು ಶಾಲೆ ತೆಗೆದುಕೊಂಡಿತು. ಅವರಿಗೆ ಸಹಾಯಕನಾಗಿ ಡೇನಿಯಲನನ್ನೂ. "ನನ್ನಪ್ಪ ಈಗ ಟೀಚರು!" ಎಂದು ಕೆಲಿ ಕುಣಿದಳು. ಮೇಡಂ ಅವಳ ಜೊತೆ ಕೂತಲ್ಲೇ ಚಪ್ಪಾಳೆ ತಟ್ಟಿದರು. ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡಾಗ ಮಾತ್ರ ನಾನು ಬೇರೆ ಕಡೆ ನೋಡಿದೆ.

ಕೆಲಿಯ ಶಾಲೆ ನಮ್ಮನ್ನು ಬಿಟ್ಟ ಮೇಲೆ ಕೇಂದ್ರದಲ್ಲಿ ಪಾಠಗಳು ಕಡಿಮೆಯಾದವು. ಮೇಡಂ ತಮಗೆ ಉಳಿದಿದ್ದ ಮಕ್ಕಳನ್ನು ನಮಗೆ ಹಂಚಿ ತಾವು ಮೊದಲು ಬಿಟ್ಟರು. ಬೇರೆ ಶಾಲೆಗಳೂ ಒಂದೊಂದಾಗಿ ನಿಂತು ಕಂಪನಿಯವರು ಬಾಗಿಲು ಹಾಕುವಷ್ಟರಲ್ಲಿ, ಅವರು ನಮ್ಮಲ್ಲಿ ಒಬ್ಬೊಬ್ಬರನ್ನೇ ಕರೆದುಕೊಂಡು ತಾಲ್ಲೂಕಿನ ಶಾಲೆಗಳ ಮೆಟ್ಟಿಲು ಹತ್ತಿದ್ದರು. ಹೋದಲ್ಲೆಲ್ಲ ಹೆಡ್‌ಮಾಸ್ತರೋ ಗುಮಾಸ್ತರೋ ಅವರ ಹಳೆಯ ವಿದ್ಯಾರ್ಥಿಗಳು. ನನ್ನನ್ನು ಈಗಿನ ಶಾಲೆಗೆ ಕರೆತಂದಾಗ ಅವರು ಹೇಳಿದ್ದು ಇಷ್ಟೇ: "ಇವಳಿಗೆ ಜಗಳ ಆಡೋಕೆ ಬರುತ್ತಪ್ಪ. ಇಟ್ಕೋ." ಎಲ್ಲರಿಗೂ ಕೆಲಸ ಸಿಗಲಿಲ್ಲ. ಸಿಗದವರ ಹೆಸರನ್ನು ಅವರು ಬಹಳ ದಿನ ಹೇಳಿ ಪೇಚಾಡುತ್ತಿದ್ದರು.

ಆಮೇಲೆ ಅವರು ಹಳೇಬೀಡಿಗೆ, ತಂಗಿಯ ಮನೆಗೆ ಹೊರಟುಹೋದರು. ನಾನು ಸಂಸಾರ, ಪರೀಕ್ಷೆ, ಮೌಲ್ಯಮಾಪನ ಎಂದು ಮುಳುಗಿದೆ. ಹಬ್ಬಕ್ಕೊಂದು ಫೋನು, ಅಷ್ಟೇ.

ಅವತ್ತು ಹೋಟೆಲಿನಿಂದ ಎದ್ದವಳು ಮನೆಗೆ ಹೋಗಲಿಲ್ಲ. ಎದುರಿಗೆ ಹಳೇಬೀಡಿನ ಬಸ್ಸು ನಿಂತಿತ್ತು, ಹತ್ತಿದೆ. ಟೀವಿಯಲ್ಲಿ ಕೇಳಿದ್ದನ್ನೆಲ್ಲ ಅವರಿಗೆ ಹೇಳಬೇಕು, ಅವರು ಏನನ್ನುತ್ತಾರೆ ನೋಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅವರ ತಂಗಿಯ ಮನೆಯ ಹಜಾರದ ತುಂಬ ಹೆಂಗಸರು. ಹೂ ಕಟ್ಟುವವರು, ಅಂಗಡಿ ಇಟ್ಟವರು, ಹೊಲದಿಂದ ನೇರ ಬಂದವರು. ಎಲ್ಲರ ಮುಂದೆಯೂ ಅವರವರ ಮಕ್ಕಳ ಗಣಿತದ ಪುಸ್ತಕ. ಮಕ್ಕಳು ಹೊರಗೆ ಆಡುತ್ತಿದ್ದರು. ಬೋರ್ಡಿನ ಹತ್ತಿರ ಒಬ್ಬಾಕೆ ಸೆರಗು ಸಿಕ್ಕಿಸಿಕೊಂಡು ಸಮೀಕರಣದ ಜೊತೆ ಗುದ್ದಾಡುತ್ತಿದ್ದಳು. ಮೇಡಂ ಕುಗ್ಗಿದ್ದರು. ಒಂದು ಕಣ್ಣಿಗೆ ಪೊರೆ ಬಂದು ಮೋಡ ಕಟ್ಟಿದಂತಿತ್ತು. ದನಿಯಿಂದ ನನ್ನ ಗುರುತು ಹಿಡಿದು, "ಬಾಮ್ಮ, ಅಲ್ಲಿ ಹಿಂದೆ ಕೂತ್ಕೋ. ಅವಳದಿನ್ನೂ ಮುಗಿದಿಲ್ಲ," ಅಂದರು.

ಕೂತೆ. ಆಕೆ ಮುಗಿಸುವವರೆಗೆ ಆ ಹಜಾರದಲ್ಲಿ ಯಾರೂ ಉತ್ತರ ಹೇಳಿಕೊಡಲಿಲ್ಲ. ನನ್ನ ತರಗತಿಯಲ್ಲಿ ನಾನು ಅಷ್ಟು ಹೊತ್ತು ಎಂದೂ ಕಾದಿಲ್ಲ.

ಎಲ್ಲರೂ ಹೋದ ಮೇಲೆ ನಾನು ಅಮೆರಿಕದ ಸುದ್ದಿ ತೆಗೆದೆ. ಅವರು ಒಂದಿಷ್ಟು ಕೇಳಿ, "ಹೌದಾ, ಇನ್ನೂ ಜಗಳ ಮುಗಿದಿಲ್ವಾ," ಎಂದು ನಕ್ಕು, ವಿಷಯ ಅಲ್ಲಿಗೇ ಬಿಟ್ಟರು. "ಹಾಸನದಲ್ಲಿ ಕಣ್ಣಿನ ಆಪರೇಷನ್ ಗೊತ್ತಾಗಿದೆ. ಸ್ವಲ್ಪ ದಿನ ಬೋರ್ಡು ನೋಡಬಾರದಂತೆ. ನೀನು ಬಂದು ಇವರನ್ನ ನೋಡ್ಕೋತೀಯಾ?"

"ನಾನಾ? ಭಾನುವಾರ ಒಂದೇ ಮೇಡಂ ನನಗೆ ಬಿಡುವು."

"ಅವರಿಗೂ ಅದೇ ಕಣಮ್ಮ ಬಿಡುವು."

ಆಪರೇಷನ್ ಚೆನ್ನಾಗಿ ಆಯಿತು. ಈಗ ಅವರು ಕಪ್ಪು ಕನ್ನಡಕ ಹಾಕಿಕೊಂಡು ಹಜಾರದ ಮೂಲೆಯಲ್ಲಿ ಕೂರುತ್ತಾರೆ, ಬೋರ್ಡು ನನ್ನದು. ಮೊದಲ ಭಾನುವಾರ ನಾನು ಅಭ್ಯಾಸಬಲದಿಂದ ಲೆಕ್ಕವನ್ನು ಗಡಗಡ ಬಿಡಿಸಿ ಕೈಕೊಡವಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಹೂವಿನ ರತ್ನಮ್ಮ ಹೇಳಿದಳು, "ಮೇಡಮ್ಮಾರೇ, ನಿಮ್ಗೆ ಬತ್ತೈತೆ ಅಂತ ಗೊತ್ತಾಯ್ತು. ಒರಸ್ಬುಡಿ, ನಾನ್ ಮಾಡ್ತೀನಿ." ಮೂಲೆಯ ಕಪ್ಪು ಕನ್ನಡಕ ಅಲುಗಲಿಲ್ಲ, ತುಟಿ ಮಾತ್ರ ಅಲುಗಿತು. ನಾನು ಒರೆಸಿ, ಹಿಂದಕ್ಕೆ ಹೋಗಿ, ಚಾಪೆಯ ಮೇಲೆ ಕೂತೆ.